ಹೊರಗೆ ಸಕ್ಕರೆ, ಒಳಗೆ ಉಪ್ಪು: ಮಾಂಟೆ ಕ್ರಿಸ್ಟೊ ಸ್ಯಾಂಡ್‌ವಿಚ್ ಕರಿಯುವ ಬಗೆ

ಬ್ರೆಡ್ಡಿನ ಎರಡು ಹೋಳುಗಳ ನಡುವೆ ಉಪ್ಪಿನಲ್ಲಿ ಹದಗೊಳಿಸಿದ ಹಂದಿ ಮಾಂಸ ಮತ್ತು ಕರಗುವ ಚೀಸ್. ಇಷ್ಟನ್ನು ಮೊಟ್ಟೆ ಬೆರೆಸಿದ ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸಿ, ಪಕ್ಕದಲ್ಲಿ ಹಣ್ಣಿನ ಜಾಮ್ ಇಟ್ಟು ಬಡಿಸಿದರೆ ಅದು ಮಾಂಟೆ ಕ್ರಿಸ್ಟೊ ಸ್ಯಾಂಡ್‌ವಿಚ್. ಅಮೆರಿಕದ ರೆಸ್ಟೋರೆಂಟ್‌ಗಳಲ್ಲಿ ದಶಕಗಳಿಂದ ಬಡಿಸಲಾಗುತ್ತಿರುವ ಈ ತಿನಿಸನ್ನು ಮೊದಲ ಬಾರಿ ಕಂಡವರು, ಇದು ಊಟವೋ ಸಿಹಿತಿಂಡಿಯೋ ಎಂದು ತಬ್ಬಿಬ್ಬಾಗುವುದುಂಟು. ಎರಡೂ ಹೌದು ಎನ್ನುವುದೇ ಇದರ ವೈಶಿಷ್ಟ್ಯ.

ಸಿಹಿ ಮತ್ತು ಖಾರವನ್ನು ಒಟ್ಟಿಗೆ ಸವಿಯುವುದು ಕನ್ನಡಿಗರಿಗೆ ಹೊಸತಲ್ಲ. ಕೇಸರಿಬಾತ್ ಮತ್ತು ಖಾರಾಬಾತನ್ನು ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಬಡಿಸುವ ಚೌಚೌಬಾತ್ ಬೆಂಗಳೂರಿನ ಬೆಳಗಿನ ತಿಂಡಿಗಳಲ್ಲಿ ಪ್ರಮುಖವಾದುದು. ಆದರೆ ಅಲ್ಲಿ ಎರಡೂ ರುಚಿಗಳು ತಂತಮ್ಮ ಜಾಗದಲ್ಲಿರುತ್ತವೆ. ಯಾವುದನ್ನು ಮೊದಲು ತಿನ್ನಬೇಕೆಂಬುದು ತಿನ್ನುವವರ ಇಷ್ಟ. ಮಾಂಟೆ ಕ್ರಿಸ್ಟೊದಲ್ಲಿ ಆ ಆಯ್ಕೆ ಇಲ್ಲ. ಸಕ್ಕರೆ, ಉಪ್ಪು, ಜಿಡ್ಡು, ಜಾಮ್‌ನ ಹುಳಿ ಎಲ್ಲವೂ ಒಂದೇ ತುತ್ತಿನಲ್ಲಿ ಬರಬೇಕು.

ತೋರಿಕೆಗೆ ಇದು ಸುಲಭದ ಅಡುಗೆ. ಮನೆಯಲ್ಲಿ ಮಾಡಲು ಹೊರಟಾಗ ಮಾತ್ರ ಸಾಮಾನ್ಯವಾಗಿ ಮೂರು ಬಗೆಯ ತೊಂದರೆಗಳು ಎದುರಾಗುತ್ತವೆ: ಬ್ರೆಡ್ ಎಣ್ಣೆ ಕುಡಿದು ಒದ್ದೆಯಾಗುತ್ತದೆ, ಚೀಸ್ ಅಂಚಿನಿಂದ ಹೊರಹರಿದು ಎಣ್ಣೆಯಲ್ಲಿ ಕರಕಲಾಗುತ್ತದೆ, ಅಥವಾ ಹೊರಗೆ ಕಂದು ಬಣ್ಣ ಬಂದರೂ ಒಳಗಿನ ಚೀಸ್ ತಣ್ಣಗೇ ಉಳಿಯುತ್ತದೆ. ಈ ತೊಂದರೆಗಳ ಮೂಲವನ್ನು ಹುಡುಕಿದರೆ ಬಹುತೇಕ ಒಂದೇ ಕಡೆಗೆ ತಲುಪುತ್ತೇವೆ. ಮಾಂಟೆ ಕ್ರಿಸ್ಟೊ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ತಿನಿಸುಗಳಿವೆ. ಒಂದರ ವಿಧಾನವನ್ನು ಇನ್ನೊಂದಕ್ಕೆ ಬೆರೆಸಿದರೆ ಎರಡೂ ಕೈಕೊಡುತ್ತವೆ.

ಪ್ಯಾರಿಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ

ಈ ಸ್ಯಾಂಡ್‌ವಿಚ್‌ನ ಹಿರಿಯ ಬಂಧು ಫ್ರಾನ್ಸ್‌ನ ಕ್ರೋಕ್ ಮೊಸ್ಯೂ. ‘ಕ್ರೋಕೆ’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕರಕರನೆ ಕಡಿಯುವುದು. ‘ಮೊಸ್ಯೂ’ ಎಂದರೆ ಮಹಾಶಯ. ಹ್ಯಾಮ್ ಮತ್ತು ಗ್ರುಯೆರ್ ಚೀಸನ್ನು ಬ್ರೆಡ್ಡಿನ ನಡುವೆ ಇಟ್ಟು ಬೆಣ್ಣೆಯಲ್ಲಿ ಕಾಯಿಸಿದ ಈ ತಿಂಡಿ 20ನೆಯ ಶತಮಾನದ ಆರಂಭದ ವೇಳೆಗೆ ಪ್ಯಾರಿಸ್‌ನ ಕೆಫೆಗಳಲ್ಲಿ ಬಳಕೆಗೆ ಬಂದಿತ್ತು. ಮಾರ್ಸೆಲ್ ಪ್ರೂಸ್ತ್ ಅವರ ಬೃಹತ್ ಕಾದಂಬರಿ ಮಾಲೆಯ ಎರಡನೆಯ ಸಂಪುಟದಲ್ಲಿ ಇದರ ಉಲ್ಲೇಖವಿದೆ. ಆ ಸಂಪುಟಕ್ಕೆ 1919ರಲ್ಲಿ ಫ್ರಾನ್ಸ್‌ನ ಗೊಂಕೂರ್ ಪ್ರಶಸ್ತಿ ಬಂತು. ಮೇಲೊಂದು ಕರಿದ ಮೊಟ್ಟೆ ಇಟ್ಟರೆ ಅದೇ ತಿಂಡಿ ಕ್ರೋಕ್ ಮದಾಮ್ ಆಗುತ್ತದೆ. ಇಟಲಿಯ ನೇಪಲ್ಸ್‌ನಲ್ಲಿ ಬ್ರೆಡ್ಡಿನ ನಡುವೆ ಮೊಜ್ಜರೆಲ್ಲಾ ಚೀಸ್ ಇಟ್ಟು ಮೊಟ್ಟೆಯಲ್ಲಿ ಅದ್ದಿ ಕರಿಯುವ ಪದ್ಧತಿಯೂ ಇದೆ. ಹೀಗಾಗಿ ಚೀಸ್ ತುಂಬಿದ ಬ್ರೆಡ್ಡನ್ನು ಕರಿಯುವುದು ಅಮೆರಿಕನ್ನರೇ ಕಂಡುಹಿಡಿದ ವಿದ್ಯೆ ಎನ್ನಲಾಗದು.

ಅಮೆರಿಕಕ್ಕೆ ಬಂದ ಮೇಲೆ ಫ್ರೆಂಚ್ ತಿಂಡಿಗೆ ಎರಡು ಬದಲಾವಣೆಗಳಾದವು. ಬ್ರೆಡ್ಡನ್ನು ಹೊರಗಿನಿಂದ ಮೊಟ್ಟೆಯಲ್ಲಿ ಅದ್ದುವುದು ಮೊದಲನೆಯದು. ಸಿಹಿ ಸೇರಿದ್ದು ಎರಡನೆಯದು. 20ನೆಯ ಶತಮಾನದ ನಡುಗಾಲದ ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ‘ಫ್ರೆಂಚ್ ಸ್ಯಾಂಡ್‌ವಿಚ್’ ಮುಂತಾದ ಹೆಸರುಗಳಲ್ಲಿ ಇದರ ರೂಪಾಂತರಗಳು ಕಾಣಿಸಿಕೊಂಡವು. ಹ್ಯಾಮ್ ಜೊತೆಗೆ ಟರ್ಕಿ ಕೋಳಿಯ ಮಾಂಸವನ್ನೂ ಸೇರಿಸುವ ರೂಢಿ ಬಂದುದು ಅಲ್ಲಿಯೇ.

ತಿನಿಸಿಗೆ ದೊಡ್ಡ ಪ್ರಚಾರ ಕೊಟ್ಟಿದ್ದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್. ಅಲ್ಲಿನ ನ್ಯೂ ಆರ್ಲಿಯನ್ಸ್ ಸ್ಕ್ವೇರ್ ಎಂಬ ವಿಭಾಗ 1966ರಲ್ಲಿ ತೆರೆಯಿತು. ಮರುವರ್ಷ ಅದೇ ವಿಭಾಗದಲ್ಲಿ ಆರಂಭವಾದ ಬ್ಲೂ ಬಯೂ ರೆಸ್ಟೋರೆಂಟ್, ಹಿಟ್ಟಿನಲ್ಲಿ ಅದ್ದಿ ಪೂರ್ತಿ ಎಣ್ಣೆಯಲ್ಲಿ ಮುಳುಗಿಸಿ ಕರಿದ ಮಾಂಟೆ ಕ್ರಿಸ್ಟೊಗೆ ಹೆಸರಾಯಿತು. 1976ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ ಬೆನಿಗನ್ಸ್ ಎಂಬ ರೆಸ್ಟೋರೆಂಟ್ ಸರಣಿ ಇದನ್ನು ದೇಶದ ಉದ್ದಗಲಕ್ಕೂ ಪರಿಚಯಿಸಿತು. ಆ ಸಂಸ್ಥೆ 2008ರಲ್ಲಿ ದಿವಾಳಿಯಾಗಿ ತನ್ನ ಸ್ವಂತ ಒಡೆತನದ ಶಾಖೆಗಳನ್ನು ಏಕಾಏಕಿ ಮುಚ್ಚಿದಾಗ, ಗ್ರಾಹಕರು ನೆನಪಿಸಿಕೊಂಡ ತಿನಿಸುಗಳಲ್ಲಿ ಇದೂ ಒಂದಾಗಿತ್ತು.

ಇನ್ನು ಹೆಸರಿನ ಮಾತು. ಅಲೆಕ್ಸಾಂಡರ್ ಡ್ಯೂಮಾ ಅವರ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿ 1844ರಿಂದ 1846ರವರೆಗೆ ಪ್ಯಾರಿಸ್‌ನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತ್ತು. ಅದರಲ್ಲಿ ಬರುವ ಮಾಂಟೆ ಕ್ರಿಸ್ಟೊ ಇಟಲಿಯ ಕರಾವಳಿಯಾಚೆ ಇರುವ ನಿಜವಾದ ಪುಟ್ಟ ದ್ವೀಪ. ಕಾದಂಬರಿಯಲ್ಲಿ ನಿಧಿ ದೊರೆಯುವುದು ಆ ದ್ವೀಪದಲ್ಲಿ. ಸ್ಯಾಂಡ್‌ವಿಚ್‌ನಲ್ಲಿ ನಿಧಿ ಎನ್ನಬಹುದಾದ ಚೀಸ್ ಇರುವುದು ಹಿಟ್ಟಿನ ಕವಚದೊಳಗೆ. ಹೋಲಿಕೆ ಸೊಗಸಾಗಿದೆ, ಅಷ್ಟೇ. ಕಾದಂಬರಿಯಲ್ಲಂತೂ ಈ ತಿಂಡಿಯ ಸುಳಿವಿಲ್ಲ.

ಎರಡು ಪದ್ಧತಿ, ಎರಡು ತಿನಿಸು

ಮೊದಲನೆಯದು ಕಾವಲಿಯ ಪದ್ಧತಿ. ಮೊಟ್ಟೆ ಮತ್ತು ಹಾಲನ್ನು ಕಲಸಿ, ಸ್ಯಾಂಡ್‌ವಿಚ್‌ನ ಎರಡೂ ಮಗ್ಗುಲನ್ನು ಅದರಲ್ಲಿ ಅದ್ದಿ, ಬೆಣ್ಣೆ ಹಾಕಿದ ಕಾವಲಿಯ ಮೇಲೆ ನಿಧಾನವಾಗಿ ಕಾಯಿಸುವುದು. ನಮ್ಮಲ್ಲಿ ಬಾಂಬೆ ಟೋಸ್ಟ್ ಎಂದು ಕರೆಯುವ ತಿಂಡಿಯ ಹೊಟ್ಟೆಯೊಳಗೆ ಹ್ಯಾಮ್ ಮತ್ತು ಚೀಸ್ ಇಟ್ಟಂತೆ ಎಂದರೆ ಸುಲಭವಾಗಿ ಅರ್ಥವಾಗುತ್ತದೆ. ಇದರ ಹೊರಪದರ ಮೃದು, ಒಳಗು ಕಡುಬಿನಂತೆ ಮೆತ್ತಗೆ.

ಎರಡನೆಯದು ಬಾಣಲೆಯ ಪದ್ಧತಿ. ಮೈದಾ, ಬೇಕಿಂಗ್ ಪೌಡರ್, ಮೊಟ್ಟೆ ಮತ್ತು ತಣ್ಣೀರಿನ ಹಿಟ್ಟಿನಲ್ಲಿ ಇಡೀ ಸ್ಯಾಂಡ್‌ವಿಚ್ಚನ್ನು ಮುಳುಗಿಸಿ, ಕಾದ ಎಣ್ಣೆಯಲ್ಲಿ ತೇಲಿಸಿ ಕರಿಯುವುದು. ಇದರ ಬಂಧುತ್ವ ಬ್ರೆಡ್ ಬಜ್ಜಿಯೊಂದಿಗೆ. ಹೊರಗೆ ಉಬ್ಬಿದ ಗರಿಗರಿ ಕವಚ, ಒಳಗೆ ಆವಿಯಲ್ಲಿ ಬೆಂದಂತಿರುವ ಬ್ರೆಡ್. ಡಿಸ್ನಿಲ್ಯಾಂಡ್ ಮತ್ತು ಬೆನಿಗನ್ಸ್ ಪ್ರಸಿದ್ಧಗೊಳಿಸಿದ್ದು ಇದನ್ನೇ.

ಗೊಂದಲ ಹುಟ್ಟುವುದು ಇಲ್ಲಿಯೇ. ಮೊಟ್ಟೆ-ಹಾಲಿನಲ್ಲಿ ಅದ್ದಿದ ಸ್ಯಾಂಡ್‌ವಿಚ್ಚನ್ನು ತುಂಬು ಎಣ್ಣೆಗೆ ಬಿಟ್ಟರೆ, ಎಣ್ಣೆಯನ್ನು ತಡೆಯುವ ಗಟ್ಟಿ ಕವಚವೇ ಅದಕ್ಕಿರುವುದಿಲ್ಲ. ತೆರೆದ ಅಂಚುಗಳಿಂದ ಎಣ್ಣೆ ಒಳನುಗ್ಗುತ್ತದೆ, ಚೀಸ್ ಹೊರಬರುತ್ತದೆ. ಇದಕ್ಕೆ ವಿರುದ್ಧವಾಗಿ, ಮೈದಾ ಹಿಟ್ಟು ಮೆತ್ತಿದ ಸ್ಯಾಂಡ್‌ವಿಚ್ಚನ್ನು ಕಡಿಮೆ ಬೆಣ್ಣೆಯ ಕಾವಲಿಯಲ್ಲಿಟ್ಟರೆ ತಳ ಕರಕಲಾಗುತ್ತದೆ, ಮಗ್ಗುಲ ಅಂಚುಗಳು ಹಸಿಯಾಗಿ ಉಳಿಯುತ್ತವೆ. ಯಾವ ಪದ್ಧತಿ ಎಂಬುದನ್ನು ಮೊಟ್ಟೆ ಒಡೆಯುವ ಮುನ್ನವೇ ನಿರ್ಧರಿಸಿಕೊಳ್ಳುವುದು ಒಳಿತು.

ಬ್ರೆಡ್, ಹ್ಯಾಮ್, ಚೀಸ್

ಬ್ರೆಡ್ ಸಾಮಾನ್ಯ ಬಿಳಿ ಸ್ಯಾಂಡ್‌ವಿಚ್ ಬ್ರೆಡ್ಡೇ ಆಗಬಹುದು. ಅಂದೇ ತಯಾರಾದ ಬ್ರೆಡ್ಡಿಗಿಂತ ಒಂದು ದಿನ ಹಳೆಯದಾದುದು ಮೇಲು. ಹೊಸ ಬ್ರೆಡ್ಡಿನಲ್ಲಿ ತೇವ ಹೆಚ್ಚು, ಬೇಗ ಕುಸಿಯುತ್ತದೆ.

ಹ್ಯಾಮ್ ಎಂದರೆ ಹಂದಿಯ ಹಿಂಗಾಲಿನ ಮಾಂಸವನ್ನು ಉಪ್ಪಿನಲ್ಲಿ ಹದಗೊಳಿಸಿದ್ದು. ಅಂಗಡಿಯ ಹ್ಯಾಮ್ ಬೆಂದ ಮೇಲೂ ಗುಲಾಬಿ ಬಣ್ಣದಲ್ಲಿರುವುದನ್ನು ಕಂಡು ಹಸಿಯೇ ಇರಬೇಕೆಂದು ಅನುಮಾನಿಸುವವರಿದ್ದಾರೆ. ಹದಗೊಳಿಸುವಾಗ ಬಳಸುವ ಸೋಡಿಯಂ ನೈಟ್ರೈಟ್, ಮಾಂಸದಲ್ಲಿನ ವರ್ಣದ್ರವ್ಯದೊಂದಿಗೆ ಸೇರಿ ಆ ಬಣ್ಣವನ್ನು ಉಳಿಸುತ್ತದೆ. ಮಾರಕ ವಿಷವನ್ನು ಉತ್ಪಾದಿಸುವ ಬಾಟುಲಿನಮ್ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದೂ ಅದೇ ರಾಸಾಯನಿಕ. ಈ ಸ್ಯಾಂಡ್‌ವಿಚ್‌ಗೆ ಬೇಕಾದುದು ಈಗಾಗಲೇ ಬೇಯಿಸಿದ ಹ್ಯಾಮ್. ಪಾರ್ಮಾದಂಥ ಒಣ ಹ್ಯಾಮ್ ಕರಿದರೆ ಗಟ್ಟಿಯಾಗುತ್ತದೆ, ಉಪ್ಪೂ ಮಿತಿ ಮೀರುತ್ತದೆ. ಹಸಿ ಹಂದಿ ಮಾಂಸವನ್ನಂತೂ ಬಳಸಲೇಬಾರದು. ಕವಚದೊಳಗೆ ಕೆಲವೇ ನಿಮಿಷ ಇರುವ ಮಾಂಸ ಪೂರ್ತಿ ಬೇಯುವುದಿಲ್ಲ. ಪೊಟ್ಟಣದ ಮೇಲೆ ‘ಬೇಯಿಸಿದ್ದು’ ಅಥವಾ ‘ನೇರವಾಗಿ ತಿನ್ನಬಹುದಾದ್ದು’ ಎಂಬ ಸೂಚನೆ ಇದೆಯೇ ಎಂದು ನೋಡಿಕೊಳ್ಳಬೇಕು. ಹಂದಿ ಮಾಂಸ ತಿನ್ನದವರಿಗಾಗಿ ಕೋಳಿ ಮಾಂಸದ ಹ್ಯಾಮ್ ಕೂಡ ಬೆಂಗಳೂರಿನಂಥ ನಗರಗಳಲ್ಲಿ ಲಭ್ಯ.

ಚೀಸ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮೂಲ ಪಾಕವಿಧಾನ ಕೇಳುವುದು ‘ಸ್ವಿಸ್’ ಚೀಸನ್ನು, ಎಂದರೆ ತೂತುಗಳಿರುವ ಎಮೆಂಟಾಲ್ ಮಾದರಿಯದನ್ನು ಅಥವಾ ಗ್ರುಯೆರನ್ನು. ಆ ತೂತುಗಳಿಗೆ ಬ್ಯಾಕ್ಟೀರಿಯಾಗಳು ಬಿಡುವ ಇಂಗಾಲದ ಡೈಆಕ್ಸೈಡ್ ಕಾರಣವೆಂಬುದು ಹಿಂದಿನಿಂದ ತಿಳಿದಿತ್ತು. ಹಾಲಿಗೆ ಬೀಳುವ ಒಣಹುಲ್ಲಿನ ಅತಿ ಸೂಕ್ಷ್ಮ ಕಣಗಳ ಸುತ್ತ ಅನಿಲ ಸಂಗ್ರಹವಾಗಿ ತೂತು ಮೂಡುತ್ತದೆ ಎಂದು ಸ್ವಿಟ್ಜರ್ಲೆಂಡ್‌ನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಆಗ್ರೋಸ್ಕೋಪ್ 2015ರಲ್ಲಿ ಪ್ರಕಟಿಸಿತು. ಹಾಲು ಕರೆಯುವ ವ್ಯವಸ್ಥೆ ಶುಚಿಯಾದಷ್ಟೂ ತೂತು ಕಡಿಮೆಯಾಗುತ್ತಿರುವುದಕ್ಕೆ ಇದೇ ವಿವರಣೆ. ಅಡುಗೆಗೆ ತೂತು ಮುಖ್ಯವಲ್ಲ. ಚೀಸ್ ಎಣ್ಣೆ ಬಿಡದೆ ನಯವಾಗಿ ಕರಗುತ್ತದೆಯೇ ಎಂಬುದು ಮುಖ್ಯ.

ಎಮೆಂಟಾಲ್ ದುಬಾರಿಯಾಯಿತು ಎಂದರೆ ಸಂಸ್ಕರಿಸಿದ ಚೀಸ್‌ನ ಹೋಳು ಸಾಕು. ಅದು ಕೀಳು ಬದಲಿಯೇನಲ್ಲ. ಸ್ವಿಟ್ಜರ್ಲೆಂಡ್‌ನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ 1911ರಲ್ಲಿ ಸಂಸ್ಕರಿಸಿದ ಚೀಸನ್ನು ರೂಪಿಸಿದ್ದೇ ಎಮೆಂಟಾಲ್‌ನಿಂದ. ಅದಕ್ಕೆ ಬೆರೆಸುವ ಸಿಟ್ರೇಟ್‌ನಂಥ ಲವಣಗಳು ಕೊಬ್ಬು ಮತ್ತು ನೀರು ಬೇರ್ಪಡದಂತೆ ಹಿಡಿದಿಡುತ್ತವೆ. ಬಿಸಿಯಾದಾಗ ಅದು ಸಮವಾಗಿ ಕರಗುತ್ತದೆ. ಪನೀರ್ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು. ಬಿಸಿ ಹಾಲನ್ನು ಹುಳಿಯಿಂದ ಒಡೆದು ಮಾಡುವ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಹಾಗಾಗಿ ಬ್ರೆಡ್ಡನ್ನು ಒಳಗಿನಿಂದ ಅಂಟಿಸಿ ಹಿಡಿಯುವುದೂ ಇಲ್ಲ. ಚೀಸ್ ಇಲ್ಲಿ ರುಚಿಯಷ್ಟೇ ಅಲ್ಲ, ಅಂಟೂ ಹೌದು.

ಮಾಡುವ ವಿಧಾನ

ಎರಡು ಸ್ಯಾಂಡ್‌ವಿಚ್‌ಗೆ ಬ್ರೆಡ್ಡಿನ ನಾಲ್ಕು ಹೋಳು, ಸುಮಾರು 100 ಗ್ರಾಂ ತೆಳು ಹ್ಯಾಮ್, 80 ಗ್ರಾಂ ಚೀಸ್ ಬೇಕು. ಟರ್ಕಿ ಮಾಂಸದ ಬದಲು ಬೇಯಿಸಿದ ಕೋಳಿ ಎದೆಯ ತೆಳು ಹೋಳುಗಳನ್ನು ಸೇರಿಸಬಹುದು, ಸೇರಿಸದಿದ್ದರೂ ನಷ್ಟವಿಲ್ಲ. ಹಿಟ್ಟಿಗೆ ಒಂದು ಬಟ್ಟಲು (ಸುಮಾರು 125 ಗ್ರಾಂ) ಮೈದಾ, ಒಂದು ಚಹಾ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಉಪ್ಪು, ಒಂದು ಮೊಟ್ಟೆ, ಮುಕ್ಕಾಲು ಬಟ್ಟಲು ತಣ್ಣೀರು. ಜೊತೆಗೆ ಕರಿಯಲು ವಾಸನೆಯಿಲ್ಲದ ಎಣ್ಣೆ, ಸಕ್ಕರೆ ಪುಡಿ ಮತ್ತು ಜಾಮ್.

ಜೋಡಿಸುವ ಕ್ರಮದಲ್ಲಿ ಒಂದು ಉಪಾಯವಿದೆ. ಚೀಸನ್ನು ಒಂದೇ ಕಡೆ ಇಡದೆ ಎರಡು ಹೋಳಾಗಿಸಿ, ಮೇಲಿನ ಬ್ರೆಡ್ಡಿಗೆ ಒಂದು, ಕೆಳಗಿನ ಬ್ರೆಡ್ಡಿಗೆ ಒಂದು ತಾಗುವಂತೆ ಇಟ್ಟು ನಡುವೆ ಹ್ಯಾಮ್ ಇಡಬೇಕು. ಚೀಸ್ ಕರಗಿದಾಗ ಎರಡೂ ಬ್ರೆಡ್ಡನ್ನು ಮಾಂಸಕ್ಕೆ ಅಂಟಿಸುತ್ತದೆ. ಹ್ಯಾಮ್ ಮತ್ತು ಚೀಸ್ ಬ್ರೆಡ್ಡಿನ ಅಂಚಿಗಿಂತ ಅರ್ಧ ಸೆಂಟಿಮೀಟರ್ ಒಳಗಿರಬೇಕು. ಹ್ಯಾಮ್‌ನಲ್ಲಿ ನೀರಿನಂಶ ಇದ್ದರೆ ಬಟ್ಟೆ ಅಥವಾ ಕಾಗದದಿಂದ ಒತ್ತಿ ಒಣಗಿಸಿಕೊಳ್ಳುವುದು ಅಗತ್ಯ. ಬಳಿಕ ಬ್ರೆಡ್ಡಿನ ಕಂದು ಅಂಚನ್ನು ಕತ್ತರಿಸಿ ತೆಗೆದು, ಸುತ್ತಲೂ ಬೆರಳಿನಿಂದ ಒತ್ತಿ, ಕರ್ಜಿಕಾಯಿಯ ಅಂಚನ್ನು ಮುಚ್ಚಿದಂತೆ ಮುಚ್ಚಬೇಕು. ಒಂದು ತಟ್ಟೆ ಹೇರಿ ಹತ್ತು ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟರೆ ಸ್ಯಾಂಡ್‌ವಿಚ್ ಬಿಗಿಯಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬೇಡ. ತೀರಾ ತಣ್ಣಗಾದ ಚೀಸ್, ಹೊರಗಿನ ಕವಚ ಬೇಯುವ ಹೊತ್ತಿಗೆ ಕರಗಿರುವುದಿಲ್ಲ.

ಹಿಟ್ಟನ್ನು ಕರಿಯುವ ಮುನ್ನವಷ್ಟೇ ಕಲಸಬೇಕು. ಬಜ್ಜಿ ಹಿಟ್ಟಿಗಿಂತ ತುಸು ತೆಳುವಾಗಿ, ಚಮಚದ ಬೆನ್ನಿಗೆ ಅಂಟಿ ನಿಲ್ಲುವಷ್ಟು ದಪ್ಪವಿದ್ದರೆ ಸರಿ. ಸಣ್ಣಪುಟ್ಟ ಗಂಟುಗಳು ಉಳಿದರೆ ಚಿಂತೆಯಿಲ್ಲ. ಹೆಚ್ಚು ಕಲಸಿದಷ್ಟೂ ಮೈದಾದಲ್ಲಿನ ಅಂಟು ಬಲಗೊಂಡು ಕವಚ ರಬ್ಬರಿನಂತಾಗುತ್ತದೆ. ತಣ್ಣೀರು ಬಳಸುವುದೂ ಆ ಅಂಟನ್ನು ಹತೋಟಿಯಲ್ಲಿಡಲು. ಹಿಟ್ಟಿಗೇ ಸಕ್ಕರೆ ಹಾಕುವ ಆಸೆ ಕೆಲವರಿಗಾಗುತ್ತದೆ. ಅದು ಬೇಡ. ಸಕ್ಕರೆ ಬೆರೆತ ಹಿಟ್ಟು ಬೇಗ ಕಂದಾಗುವುದರಿಂದ, ಒಳಗೆ ಬಿಸಿ ತಲುಪುವ ಮೊದಲೇ ಬಾಣಲೆಯಿಂದ ತೆಗೆಯಬೇಕಾಗುತ್ತದೆ.

ಎಣ್ಣೆಯ ಲೆಕ್ಕಾಚಾರ

ಇಡೀ ಅಡುಗೆಯ ಗೆಲುವು ಸೋಲು ಎಣ್ಣೆಯ ಬಿಸಿಯಲ್ಲಿದೆ. 175ರಿಂದ 180 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಅದರಲ್ಲಿರುವ ನೀರು ಆವಿಯಾಗಿ ರಭಸದಿಂದ ಹೊರನುಗ್ಗುತ್ತದೆ. ಬಾಣಲೆಯಲ್ಲಿ ಕಾಣುವ ಗುಳ್ಳೆಗಳು ಆ ಆವಿಯವೇ. ಹೊರಬರುವ ಆವಿ ಇರುವಷ್ಟು ಹೊತ್ತು ಎಣ್ಣೆಗೆ ಒಳಬರಲು ದಾರಿ ಕಷ್ಟ. ಎಣ್ಣೆ ಸಾಕಷ್ಟು ಕಾದಿರದಿದ್ದರೆ ಆವಿಯ ಒತ್ತಡ ದುರ್ಬಲವಾಗಿ, ಕವಚ ಗಟ್ಟಿಯಾಗುವುದೂ ತಡವಾಗಿ, ಹಿಟ್ಟು ಎಣ್ಣೆ ಕುಡಿಯುತ್ತದೆ. ಎಣ್ಣೆ ಅತಿಯಾಗಿ ಕಾದಿದ್ದರೆ ಹೊರಗೆ ಕಪ್ಪು, ಒಳಗೆ ತಣ್ಣಗೆ. ಕವಚಕ್ಕೆ ಹೊಂಬಣ್ಣ ಮತ್ತು ಪರಿಮಳ ಬರುವುದು ಹಿಟ್ಟಿನ ಪ್ರೋಟೀನ್ ಮತ್ತು ಸಕ್ಕರೆಯ ಅಂಶಗಳ ನಡುವಿನ ಕ್ರಿಯೆಯಿಂದ. 1912ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ ಅವರ ಹೆಸರಿನಲ್ಲೇ ಆ ಕ್ರಿಯೆಯನ್ನು ಗುರುತಿಸಲಾಗುತ್ತದೆ.

ಉಷ್ಣಮಾಪಕ ಇಲ್ಲದ ಮನೆಗಳಲ್ಲಿ ಒಂದು ಚೂರು ಬ್ರೆಡ್ ಎಣ್ಣೆಗೆ ಹಾಕಿ ನೋಡಬಹುದು. ಸುಮಾರು ಒಂದು ನಿಮಿಷದಲ್ಲಿ ಹೊಂಬಣ್ಣಕ್ಕೆ ತಿರುಗಿದರೆ ಎಣ್ಣೆ ಸಿದ್ಧ. ಒಂದು ಹನಿ ಹಿಟ್ಟು ಬಿಟ್ಟು, ಅದು ತಳ ಮುಟ್ಟಿ ಕೂರದೆ ಕೂಡಲೇ ಮೇಲೇಳುತ್ತದೆಯೇ ಎಂದು ನೋಡುವ ನಮ್ಮ ಮನೆಗಳ ಹಳೆಯ ಪರೀಕ್ಷೆಯೂ ನಡೆಯುತ್ತದೆ.

ಸ್ಯಾಂಡ್‌ವಿಚ್ಚನ್ನು ಇಡಿಯಾಗಿ ಕರಿಯುವುದಕ್ಕಿಂತ ಅದ್ದುವ ಮುನ್ನ ಕರ್ಣರೇಖೆಯಲ್ಲಿ ಕತ್ತರಿಸಿ ಎರಡು ತ್ರಿಕೋನ ಮಾಡಿಕೊಳ್ಳುವುದು ಹೊಸಬರಿಗೆ ಅನುಕೂಲ. ತುಂಡು ಚಿಕ್ಕದಾದಷ್ಟೂ ನಡುಭಾಗಕ್ಕೆ ಬಿಸಿ ಬೇಗ ತಲುಪುತ್ತದೆ. ಕತ್ತರಿಸಿದ ಅಂಚು ತೆರೆದಿರುವುದರಿಂದ ಆ ಭಾಗಕ್ಕೆ ಹಿಟ್ಟು ಚೆನ್ನಾಗಿ ಮೆತ್ತಿದೆಯೇ ಎಂದು ಎರಡು ಬಾರಿ ನೋಡಬೇಕು. ಚೀಸ್ ತಪ್ಪಿಸಿಕೊಳ್ಳುವುದು ಅಲ್ಲಿಂದಲೇ. ಬಿಚ್ಚಿಕೊಳ್ಳದಂತೆ ಹಲ್ಲುಕಡ್ಡಿ ಚುಚ್ಚಿದವರು ಬಡಿಸುವ ಮುನ್ನ ಅದನ್ನು ನೆನಪಿಟ್ಟು ತೆಗೆಯತಕ್ಕದ್ದು. ಒಂದು ಸಲಕ್ಕೆ ಎರಡು ತುಂಡಿಗಿಂತ ಹೆಚ್ಚು ಬಿಡಬಾರದು, ಬಿಟ್ಟರೆ ಎಣ್ಣೆಯ ಬಿಸಿ ಥಟ್ಟನೆ ಇಳಿಯುತ್ತದೆ. ಪ್ರತಿ ಮಗ್ಗುಲಿಗೆ ಎರಡರಿಂದ ಮೂರು ನಿಮಿಷ ಸಾಕು.

ಬಾಣಲೆಯಿಂದ ತೆಗೆದ ಮೇಲಿನ ಅರ್ಧ ನಿಮಿಷವನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕರಿದ ತಿಂಡಿ ಹೀರುವ ಎಣ್ಣೆಯಲ್ಲಿ ದೊಡ್ಡ ಪಾಲು ಒಳಹೋಗುವುದು ಕರಿಯುವಾಗಲ್ಲ, ತೆಗೆದ ನಂತರ. ತಣಿಯುತ್ತಿದ್ದಂತೆ ಕವಚದೊಳಗಿನ ಆವಿ ಮತ್ತೆ ನೀರಾಗಿ ಒತ್ತಡ ಕುಸಿಯುತ್ತದೆ; ಮೇಲ್ಮೈಗೆ ಅಂಟಿದ ಎಣ್ಣೆಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಆದ್ದರಿಂದ ತುಂಡನ್ನು ಜಾಲರಿ ಸೌಟಿನಲ್ಲಿ ಎತ್ತಿ, ಬಾಣಲೆಯ ಮೇಲೆಯೇ ಹಿಡಿದು ಎಣ್ಣೆ ಸೋರಿಸಿ, ತಂತಿ ಜಾಲರಿಯ ಮೇಲಿಡಬೇಕು. ಕಾಗದದ ಮೇಲೆ ಮಲಗಿಸಿ ಬಿಟ್ಟರೆ ತಳಭಾಗ ತನ್ನದೇ ಆವಿಯಲ್ಲಿ ಮೆತ್ತಗಾಗುತ್ತದೆ.

ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ಒಲೆ ಆರಿಸಿ ಲೋಹದ ಮುಚ್ಚಳ ಮುಚ್ಚಬೇಕು. ಯಾವ ಕಾರಣಕ್ಕೂ ನೀರು ಸುರಿಯಬಾರದು. ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ.

ಕಾವಲಿಯ ಮಾಂಟೆ ಕ್ರಿಸ್ಟೊಗೆ ಇಷ್ಟು ಸಿದ್ಧತೆ ಬೇಡ. ಎರಡು ಮೊಟ್ಟೆ, ಕಾಲು ಬಟ್ಟಲು ಹಾಲು, ಚಿಟಿಕೆ ಉಪ್ಪು ಕಲಸಿ ಸ್ಯಾಂಡ್‌ವಿಚ್ಚನ್ನು ಎರಡೂ ಕಡೆ ಕೆಲವೇ ಸೆಕೆಂಡು ಅದ್ದಿ, ಬೆಣ್ಣೆ ಹಾಕಿದ ಕಾವಲಿಯಲ್ಲಿ ಸಣ್ಣ ಉರಿಯ ಮೇಲೆ ಪ್ರತಿ ಮಗ್ಗುಲನ್ನು ಮೂರು ನಾಲ್ಕು ನಿಮಿಷ ಕಾಯಿಸಬೇಕು. ಮುಚ್ಚಳ ಮುಚ್ಚಿದರೆ ಚೀಸ್ ಬೇಗ ಕರಗುತ್ತದೆ. ಮೊದಲ ಪ್ರಯತ್ನಕ್ಕೆ ಇದೇ ಸುರಕ್ಷಿತ ಮಾರ್ಗ.

ಸಿಹಿ ಯಾಕೆ?

ಉಪ್ಪು ತುಂಬಿದ ಮಾಂಸಕ್ಕೆ ಸಕ್ಕರೆಯ ಹಂಗೇಕೆ ಎಂಬ ಪ್ರಶ್ನೆ ಸಹಜ. ಉಪ್ಪು ಕಹಿಯನ್ನು ತಗ್ಗಿಸಿ, ಅಲ್ಪ ಪ್ರಮಾಣದಲ್ಲಿದ್ದಾಗ ಸಿಹಿಯನ್ನು ಎತ್ತಿ ತೋರಿಸುತ್ತದೆ. ಪಾಯಸಕ್ಕೆ ಚಿಟಿಕೆ ಉಪ್ಪು ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಈ ಸ್ಯಾಂಡ್‌ವಿಚ್‌ನಲ್ಲಿ ಸಕ್ಕರೆಗಿಂತ ಹೆಚ್ಚಿನ ಕೆಲಸ ಮಾಡುವುದು ಜಾಮ್. ರಾಸ್‌ಬೆರಿ ಅಥವಾ ಕೆಂಪು ಕರಂಟ್ ಹಣ್ಣಿನ ಜಾಮ್‌ಗಳಲ್ಲಿ ಸಿಹಿಯಷ್ಟೇ ಹುಳಿಯೂ ಇರುತ್ತದೆ. ಆ ಹುಳಿ ಚೀಸ್ ಮತ್ತು ಎಣ್ಣೆಯ ಜಿಡ್ಡನ್ನು ನಾಲಗೆಯ ಮೇಲೆ ಕತ್ತರಿಸುತ್ತದೆ. ಬರೀ ಸಿಹಿಯಾದ ಜಾಮ್ ಬಳಸಿದರೆ ಮೂರನೆಯ ತುತ್ತಿಗೇ ಮೊಗ ಮೊತ್ತುತ್ತದೆ. ರಾಸ್‌ಬೆರಿ ಸಿಗದಿದ್ದರೆ ಸ್ಟ್ರಾಬೆರಿ ಜಾಮ್‌ಗೆ ಕೆಲವು ಹನಿ ನಿಂಬೆರಸ ಬೆರೆಸಿ ಬಳಸಬಹುದು.

ಸಕ್ಕರೆ ಪುಡಿಯನ್ನು ಬಡಿಸುವ ಕ್ಷಣದಲ್ಲೇ, ಜರಡಿಯಿಂದ, ತೆಳುವಾಗಿ ಉದುರಿಸಬೇಕು. ಬಾಣಲೆಯಿಂದ ತೆಗೆದ ಕೂಡಲೇ ಹಾಕಿದರೆ ಎಣ್ಣೆ ಮತ್ತು ಆವಿಗೆ ಕರಗಿ ಅಂಟಾಗಿ ಬಿಡುತ್ತದೆ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಗಂಟು ಕಟ್ಟದಿರಲೆಂದು ಸ್ವಲ್ಪ ಜೋಳದ ಪಿಷ್ಟ ಸೇರಿಸಿರುತ್ತಾರೆ. ಅದು ತುಸು ಹೆಚ್ಚು ಹೊತ್ತು ಪುಡಿಯಾಗಿಯೇ ನಿಲ್ಲುತ್ತದೆ. ಜಾಮನ್ನು ಒಳಗೆ ಸವರುವ ಬದಲು ಪಕ್ಕದಲ್ಲಿಡುವುದೇ ಲೇಸು. ಒಳಗೆ ಸವರಿದ ಜಾಮ್ ಬಿಸಿಗೆ ತೆಳುವಾಗಿ ಬ್ರೆಡ್ಡನ್ನು ನೆನೆಸುತ್ತದೆ, ಅಂಚಿನಿಂದ ಸೋರಿದರೆ ಎಣ್ಣೆ ಸಿಡಿಯುತ್ತದೆ.

ಮೆನುವಿನಲ್ಲಿ ಕಾಣದ ಸಂಗತಿ

ಕ್ರೋಕ್ ಮೊಸ್ಯೂ ಆಗಲಿ ಮಾಂಟೆ ಕ್ರಿಸ್ಟೊ ಆಗಲಿ, ಹೆಸರಿನಲ್ಲಿ ಮಾಂಸದ ಸುಳಿವು ಕೊಡುವುದಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೋಗುವ ಹಿರಿಯರು, ಡಿಸ್ನಿಲ್ಯಾಂಡ್‌ಗೆ ಪ್ರವಾಸ ಹೋಗುವ ಕುಟುಂಬಗಳು ಸಕ್ಕರೆ ಉದುರಿಸಿದ ಈ ತಿಂಡಿಯನ್ನು ಸಿಹಿ ಬ್ರೆಡ್ ಎಂದು ಭಾವಿಸುವ ಸಾಧ್ಯತೆ ಇಲ್ಲದಿಲ್ಲ. ಹಂದಿ ಮಾಂಸವನ್ನು ಧಾರ್ಮಿಕ ಕಾರಣಕ್ಕೆ ತ್ಯಜಿಸಿದವರಿಗೂ ಸಸ್ಯಾಹಾರಿಗಳಿಗೂ ಇದು ಕೇವಲ ರುಚಿಯ ವಿಚಾರವಲ್ಲ. ಕೇಳಿ ತಿಳಿದುಕೊಳ್ಳಬೇಕಾದದ್ದು ಹ್ಯಾಮ್ ಒಂದನ್ನೇ ಅಲ್ಲ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಸಾಂಪ್ರದಾಯಿಕ ಎಮೆಂಟಾಲ್ ಮತ್ತು ಗ್ರುಯೆರ್ ಚೀಸ್‌ಗಳಲ್ಲಿ ಹಾಲನ್ನು ಗಟ್ಟಿಗೊಳಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಲಾಗುತ್ತದೆ. ‘ಹ್ಯಾಮ್ ತೆಗೆದು ಕೊಡಿ’ ಎಂದಷ್ಟೇ ಹೇಳಿದರೆ ಸಸ್ಯಾಹಾರಿಯ ಸಮಸ್ಯೆ ಬಗೆಹರಿಯದು. ಮಾಂಸವನ್ನೂ ಆಲೂಗಡ್ಡೆಯನ್ನೂ ಒಂದೇ ಎಣ್ಣೆಯಲ್ಲಿ ಕರಿಯುವ ಅಡುಗೆಮನೆಗಳೂ ಇರುತ್ತವೆ.

ಆರೋಗ್ಯದ ಲೆಕ್ಕವನ್ನೂ ಮರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹ್ಯಾಮ್, ಸಾಸೇಜ್, ಬೇಕನ್‌ನಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಪ್ರತಿದಿನ 50 ಗ್ರಾಂ ಸೇವಿಸಿದರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ನ ಅಪಾಯ ಸುಮಾರು ಶೇ 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ತಂಬಾಕು ಕೂಡ ಅದೇ ವರ್ಗದಲ್ಲಿರುವುದರಿಂದ ಎರಡೂ ಸಮಾನ ಅಪಾಯಕಾರಿ ಎಂದು ಆಗ ಕೆಲವೆಡೆ ಸುದ್ದಿಯಾಯಿತು. ಅದು ಸರಿಯಲ್ಲ. ವರ್ಗ ಸೂಚಿಸುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹ್ಯಾಮ್, ಚೀಸ್, ಬ್ರೆಡ್ ಮೂರರಲ್ಲೂ ಉಪ್ಪಿರುವ ಈ ತಿಂಡಿ ಆ ಮಿತಿಯ ದೊಡ್ಡ ಭಾಗವನ್ನು ಒಂದೇ ಹೊತ್ತಿಗೆ ನುಂಗಬಲ್ಲದು. ಅಧಿಕ ರಕ್ತದೊತ್ತಡ ಮತ್ತು ಮಧುಮೇಹ ಇರುವವರಿಗೆ ಇದು ಹೇಳಿ ಮಾಡಿಸಿದ ತಿನಿಸಲ್ಲ. ಒಂದು ಸ್ಯಾಂಡ್‌ವಿಚ್ಚನ್ನು ನಾಲ್ಕು ತುಂಡು ಮಾಡಿ ಮನೆಮಂದಿಯೆಲ್ಲ ಹಂಚಿಕೊಳ್ಳುವುದು ಜಾಣತನ.

ಕರಿದು ಉಳಿದ ಎಣ್ಣೆಯಲ್ಲಿ ಹಿಟ್ಟಿನ ಚೂರುಗಳೂ ಸೋರಿದ ಚೀಸ್‌ನ ಕರಕಲೂ ಸೇರಿರುತ್ತವೆ. ಅದನ್ನು ಸೋಸದೆ ಮತ್ತೆ ಮತ್ತೆ ಕಾಯಿಸಿದರೆ ಎಣ್ಣೆ ಬೇಗ ಕೆಡುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಕರಿಯುವ ಎಣ್ಣೆಯಲ್ಲಿ ‘ಒಟ್ಟು ಧ್ರುವೀಯ ಸಂಯುಕ್ತ’ಗಳು ಶೇ 25ನ್ನು ಮೀರಬಾರದು ಎಂಬ ನಿಯಮವನ್ನು 2018ರ ಜುಲೈನಿಂದ ಜಾರಿಗೆ ತಂದಿದೆ. ಹೋಟೆಲುಗಳು ಅದನ್ನು ಉಪಕರಣದಿಂದ ಅಳೆಯಬಹುದು. ಮನೆಯಲ್ಲಿ ಎಣ್ಣೆ ಕಪ್ಪಾಗಿ, ಮಂದವಾಗಿ, ಬೇಗ ಹೊಗೆಯಾಡತೊಡಗಿದರೆ ಅದನ್ನು ಚೆಲ್ಲುವ ಕಾಲ ಬಂತೆಂದು ತಿಳಿಯಬೇಕು.

ಕರಿದ ಮಾಂಟೆ ಕ್ರಿಸ್ಟೊ ಹೆಚ್ಚು ಹೊತ್ತು ಕಾಯುವುದಿಲ್ಲ. ಹದಿನೈದು ನಿಮಿಷ ಕಳೆದರೆ ಕವಚ ಮೆತ್ತಗಾಗಿ, ಚೀಸ್ ಗಟ್ಟಿಯಾಗುತ್ತದೆ. ಅತಿಥಿಗಳು ಬರುವ ಮೊದಲೇ ತಯಾರಿ ಬೇಕೆಂದರೆ ಸ್ಯಾಂಡ್‌ವಿಚ್ಚನ್ನು ಜೋಡಿಸಿ, ಅಂಚು ಒತ್ತಿ, ಮುಚ್ಚಿ ಫ್ರಿಜ್‌ನಲ್ಲಿಡಬಹುದು. ಕರಿಯುವ ಅರ್ಧ ಗಂಟೆ ಮುನ್ನ ಹೊರತೆಗೆದು, ಹಿಟ್ಟನ್ನು ಆಗ ಕಲಸಿದರಾಯಿತು. ಉಳಿದ ತುಂಡುಗಳನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಒದ್ದೆ ಬ್ರೆಡ್ ಆಗುತ್ತದೆ. 180 ಡಿಗ್ರಿ ಬಿಸಿಯ ಓವನ್‌ನಲ್ಲಿ ಎಂಟು ಹತ್ತು ನಿಮಿಷ ಇಟ್ಟರೆ ಗರಿಗರಿತನ ಸ್ವಲ್ಪಮಟ್ಟಿಗೆ ಮರಳುತ್ತದೆ. ಸಕ್ಕರೆ ಪುಡಿಯನ್ನು ಆ ಬಳಿಕವೇ ಹಾಕಬೇಕು.